ಗಾಡಿಗೆ 10 ವರ್ಷ ಆಯ್ತಾ? ಹಾಗಿದ್ರೆ ಜಾಗ ಇಲ್ಲ: ಅಮೆರಿಕದ ಕ್ಯಾಂಪ್‌ಗ್ರೌಂಡ್‌ಗಳ ವಯಸ್ಸಿನ ನಿಯಮ

ಈ ವಾರದ ಎಪಿಸೋಡ್‌ನ ಬರಹ ರೂಪ ಇಲ್ಲಿದೆ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ.

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರಿಗೂ, ಹಾಸ್ಟೆಲ್ ಮಂಚದ ಮೇಲೆ ಉರುಳಾಡ್ತಾ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ಒಂದು ಗೇಟ್ ಮುಂದೆ ಶುರುವಾಗುತ್ತೆ. ಊರು ನಮ್ಮದಲ್ಲ. ಅಮೆರಿಕದ ಆರಿಜೋನಾ ರಾಜ್ಯ, ಜನವರಿ ತಿಂಗಳು, ಸಂಜೆ ಐದೂವರೆ.

ಎರಡು ವರ್ಷದ ಹಿಂದೆ ನಾನು ಫೀನಿಕ್ಸ್‌ನಲ್ಲಿರೋ ನನ್ನ ಚಿಕ್ಕಮ್ಮನ ಮಗನ ಮನೆಗೆ ಹೋಗಿದ್ದೆ. ಚಿಕ್ಕಮ್ಮನೂ ಮೈಸೂರಿನಿಂದ ಬಂದಿದ್ರು. ಅವರಿಗೆ ಆ ದೊಡ್ಡ ದೊಡ್ಡ ಕಳ್ಳಿಗಿಡಗಳನ್ನ ನೋಡಬೇಕು ಅಂತ ಆಸೆ. ಹೋಟೆಲ್ ಬೇಡ, ಒಂದು ಮೋಟರ್‌ಹೋಮ್ ಬಾಡಿಗೆಗೆ ತಗೊಳ್ಳೋಣ ಅಂತ ತಮ್ಮ ಹೇಳ್ದ. ಮೋಟರ್‌ಹೋಮ್ ಅಂದ್ರೆ ಚಕ್ರದ ಮೇಲಿನ ಮನೆ. ಅಡುಗೆ ಒಲೆ, ಫ್ರಿಜ್, ಮಂಚ, ಬಚ್ಚಲು ಎಲ್ಲಾ ಗಾಡಿಯೊಳಗೇ. ನಾವು ತಗೊಂಡಿದ್ದು ಕ್ಲಾಸ್ ಸಿ. ಅಂದ್ರೆ ಮುಂದೆ ವ್ಯಾನ್ ಮೂತಿ, ಡ್ರೈವರ್ ತಲೆ ಮೇಲೆ ಇನ್ನೊಂದು ಮಂಚ. ಮಾಲೀಕರಿಂದಲೇ ನೇರವಾಗಿ ಬಾಡಿಗೆಗೆ ಕೊಡಿಸೋ ಆಪ್‌ನಲ್ಲಿ ಸಿಕ್ತು, ರೇಟೂ ಕಡಿಮೆ. ಯಾಕೆ ಕಡಿಮೆ ಅಂತ ನಾವು ಯೋಚನೆ ಮಾಡ್ಲಿಲ್ಲ. ಅದು 2009ರ ಗಾಡಿ.

ಟೂಸಾನ್ ಕಡೆ ಒಂದು ಖಾಸಗಿ ಆರ್‌ವಿ ಪಾರ್ಕ್‌ನಲ್ಲಿ ಆನ್‌ಲೈನ್ ಬುಕಿಂಗ್ ಆಗಿತ್ತು. ಆಫೀಸಿನಲ್ಲಿದ್ದ ಹೆಂಗಸು ನಗುನಗುತ್ತಾ ಮಾತಾಡಿಸಿದ್ರು. ಗಾಡಿಯ ಉದ್ದ ಕೇಳಿದ್ರು. ಆಮೇಲೆ ರಿಜಿಸ್ಟ್ರೇಶನ್ ಪೇಪರ್ ಕೇಳಿದ್ರು. ಪೇಪರ್ ನೋಡಿ ನಗು ನಿಂತು ಹೋಯ್ತು. ಕ್ಷಮಿಸಿ, ನಮ್ಮಲ್ಲಿ 10 ವರ್ಷಕ್ಕಿಂತ ಹಳೇ ಗಾಡಿ ಬಿಡಲ್ಲ, ದುಡ್ಡು ವಾಪಸ್ ಮಾಡ್ತೀವಿ ಅಂದ್ರು. ಗಾಡಿ ಹೊರಗೇ ನಿಂತಿತ್ತು, ಕಿಟಕಿಯಿಂದ ಕಾಣ್ತಿತ್ತು. ಅದರ ಕಡೆ ಅವರು ಒಂದು ಸಲನೂ ತಿರುಗಿ ನೋಡ್ಲಿಲ್ಲ.

ನನಗೆ ಸಿಟ್ಟು ಬಂತು. ತಮ್ಮನಿಗೆ ಭಯ ಆಯ್ತು. ಯಾಕಂದ್ರೆ ಚಿಕ್ಕಮ್ಮನಿಗೆ ಸ್ಲೀಪ್ ಆಪ್ನಿಯಾ ಇದೆ, ನಿದ್ದೆಯಲ್ಲಿ ಉಸಿರು ಕಟ್ಟುತ್ತೆ. ರಾತ್ರಿ ಪೂರ್ತಿ ಸಿಪ್ಯಾಪ್ ಮಷಿನ್ ಓಡಬೇಕು, ಅದಕ್ಕೆ ಕರೆಂಟ್ ಬೇಕು. ಗಾಡಿಯೊಳಗಿನ ಬ್ಯಾಟರಿ ಹಳೇದು. ಮರುಭೂಮಿಯ ಚಳಿಗೆ ಹೀಟರ್ ಫ್ಯಾನ್ ಹಾಕಿದ್ರೆ ಮಧ್ಯರಾತ್ರಿಗೇ ಕೈ ಕೊಡುತ್ತೆ. ಜನರೇಟರ್ ಇತ್ತು, ಆದ್ರೆ ಜನ ಮಲಗಿರೋವಾಗ ರಾತ್ರಿಯಿಡೀ ಓಡಿಸೋ ವಸ್ತು ಅಲ್ಲ ಅದು. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ. ನಮಗೆ ಬೇಕಾಗಿದ್ದು ಈಜುಕೊಳ ಅಲ್ಲ, ವೈಫೈ ಅಲ್ಲ. ಒಂದು ಪ್ಲಗ್ ಪಾಯಿಂಟ್, ಅಷ್ಟೇ.

ಏನಿದು 10 ವರ್ಷದ ನಿಯಮ?

ಅಮೆರಿಕದಲ್ಲಿ ಇದಕ್ಕೆ ಟೆನ್ ಇಯರ್ ರೂಲ್ ಅಂತಲೇ ಹೆಸರು. ಕೆಲವು ಕಡೆ 15 ವರ್ಷ ಅಂತ ಇರುತ್ತೆ. ಮೊದಲು ಒಂದು ವಿಷಯ ಸ್ಪಷ್ಟ ಮಾಡ್ತೀನಿ: ಇದು ಸರ್ಕಾರದ ಕಾನೂನಲ್ಲ. ಖಾಸಗಿ ಪಾರ್ಕ್‌ನವರು ತಮ್ಮ ಜಾಗಕ್ಕೆ ತಾವೇ ಹಾಕಿಕೊಂಡ ನಿಯಮ. ಎಲ್ಲಾ ಕಡೆ ಇಲ್ಲ. ರೆಸಾರ್ಟ್ ಅಂತ ಹೆಸರಿಟ್ಟುಕೊಂಡ ದುಬಾರಿ ಜಾಗಗಳಲ್ಲಿ, ತಿಂಗಳುಗಟ್ಟಲೆ ಜನ ಉಳಿಯೋ ಜಾಗಗಳಲ್ಲಿ ಜಾಸ್ತಿ. ಕೆಒಎ ಅಂತ ಒಂದು ದೊಡ್ಡ ಕ್ಯಾಂಪ್‌ಗ್ರೌಂಡ್ ಸರಪಳಿ ಇದೆ, 1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ಶುರುವಾಗಿದ್ದು. ಅದರಲ್ಲೂ ಬಹಳಷ್ಟು ಜಾಗಗಳು ಫ್ರಾಂಚೈಸಿ. ಹಾಗಾಗಿ ಒಂದೇ ಬೋರ್ಡ್ ಇದ್ರೂ ಎಲ್ಲಾ ಕಡೆ ಒಂದೇ ನಿಯಮ ಇರುತ್ತೆ ಅಂತ ಲೆಕ್ಕ ಹಾಕೋ ಹಾಗಿಲ್ಲ.

ಹಾಗಾದ್ರೆ ಇದು ತಾರತಮ್ಯ ಅಲ್ವಾ, ಕೇಸ್ ಹಾಕಬಹುದಲ್ವಾ ಅಂತ ನಾನೂ ಅಂದುಕೊಂಡೆ. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆ ಪ್ರಕಾರ ಹೋಟೆಲ್, ವಸತಿ ಜಾಗಗಳಲ್ಲಿ ಜನಾಂಗ, ಬಣ್ಣ, ಧರ್ಮ, ಮೂಲ ದೇಶ ನೋಡಿ ಗಿರಾಕಿಯನ್ನ ವಾಪಸ್ ಕಳಿಸೋ ಹಾಗಿಲ್ಲ. ಅಂಗವೈಕಲ್ಯದ ವಿಷಯಕ್ಕೆ 1990ರ ಕಾಯ್ದೆ ಇದೆ. ಆದ್ರೆ ಗಾಡಿಯ ವಯಸ್ಸು ಈ ಪಟ್ಟಿಯಲ್ಲಿ ಇಲ್ಲ. ಶೂ ಹಾಕದವರಿಗೆ ಪ್ರವೇಶ ಇಲ್ಲ ಅನ್ನೋ ಹೋಟೆಲ್ ಇದ್ದ ಹಾಗೆ ಇದೂ ಒಂದು ನಿಯಮ, ಅಷ್ಟೇ.

ಸರ್ಕಾರಿ ಕ್ಯಾಂಪ್‌ಗ್ರೌಂಡ್‌ಗಳ ಕಥೆ ಬೇರೆ. ನ್ಯಾಷನಲ್ ಪಾರ್ಕ್, ನ್ಯಾಷನಲ್ ಫಾರೆಸ್ಟ್, ರಾಜ್ಯದ ಪಾರ್ಕ್‌ಗಳಲ್ಲಿ ಗಾಡಿ ಯಾವ ವರ್ಷದ್ದು ಅಂತ ಸಾಮಾನ್ಯವಾಗಿ ಯಾರೂ ಕೇಳಲ್ಲ. ಅಲ್ಲಿ ಕೇಳೋದು ಉದ್ದ. ತಿರುವು ಚಿಕ್ಕದಿರುತ್ತೆ, ಜಾಗ ಚಿಕ್ಕದಿರುತ್ತೆ. ಆದ್ರೆ ಬಹುತೇಕ ನ್ಯಾಷನಲ್ ಪಾರ್ಕ್ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಕರೆಂಟ್ ಸಂಪರ್ಕ ಇರಲ್ಲ. ಸ್ಟೇಟ್ ಪಾರ್ಕ್‌ಗಳಲ್ಲಿ ಅನೇಕ ಕಡೆ ಇದೆ, ಆದ್ರೆ ಚಳಿಗಾಲದ ಸೀಸನ್‌ನಲ್ಲಿ ತಿಂಗಳುಗಳ ಮುಂಚೆಯೇ ಬುಕ್ ಆಗಿರುತ್ತೆ. ಅಂದ್ರೆ ಹಳೇ ಗಾಡಿಗೂ ಜಾಗ ಸಿಗುತ್ತೆ. ಪ್ಲಗ್ ಸಿಗೋದು ಮಾತ್ರ ಕಷ್ಟ.

ನಾಲ್ಕು ಫೋಟೋ

ಗೇಟ್ ಹೊರಗೆ ಗಾಡಿ ನಿಲ್ಲಿಸ್ಕೊಂಡು ಫೋನ್ ಮಾಡೋಕೆ ಶುರು ಮಾಡಿದ್ವಿ. ಎರಡು ಕಡೆ ಜಾಗವೇ ಇಲ್ಲ ಅಂದ್ರು. ಮೂರನೇ ಕಡೆ ಒಬ್ಬರು ವಯಸ್ಸಾದ ಗಂಡಸು ಫೋನ್ ತೆಗೆದ್ರು. ವರ್ಷ ಕೇಳಿದ್ರು, ಹೇಳಿದ್ವಿ. ಒಂದು ನಿಮಿಷ ಸುಮ್ಮನಿದ್ದು, ಫೋಟೋ ಕಳಿಸಿ ಅಂದ್ರು. ನಾಲ್ಕೂ ಕಡೆಯಿಂದ, ಚಾವಣಿಯ ಅಂಚು ಕಾಣೋ ಹಾಗೆ. ಕತ್ತಲಾಗ್ತಿತ್ತು. ತಮ್ಮ ಫೋನ್ ಟಾರ್ಚ್ ಹಿಡಿದ, ನಾನು ಫೋಟೋ ತೆಗೆದೆ. ಐದು ನಿಮಿಷಕ್ಕೆ ಉತ್ತರ ಬಂತು: ಬನ್ನಿ.

ಅದೇ ಗಾಡಿ, ಅದೇ ರಾತ್ರಿ. ಒಂದು ಕಡೆ ಆಗಲ್ಲ, ಇನ್ನೊಂದು ಕಡೆ ಬನ್ನಿ. ನಡುವೆ ಬದಲಾಗಿದ್ದು ಒಂದೇ: ಒಬ್ಬರು ಪೇಪರ್ ನೋಡಿದ್ರು, ಇನ್ನೊಬ್ಬರು ಗಾಡಿ ನೋಡಿದ್ರು.

ಬೆಳಗ್ಗೆ ಆ ಯಜಮಾನರ ಜೊತೆ ಕಾಫಿ ಕುಡೀತಾ ಮಾತಾಡಿದೆ. ಪಾರ್ಕ್ ನಡೆಸೋರ ಕಷ್ಟ ನನಗೆ ಅರ್ಥ ಆಗಿದ್ದು ಆಗಲೇ. ಅವರು ಹೇಳಿದ ಪ್ರಕಾರ ದೊಡ್ಡ ಭಯ ಗಾಡಿ ಕುರೂಪಿಯಾಗಿದೆ ಅನ್ನೋದಲ್ಲ. ಬಿಟ್ಟು ಹೋಗ್ತಾರೆ ಅನ್ನೋದು. ಕೆಲವು ವರ್ಷದ ಹಿಂದೆ ಒಬ್ಬರು ಅವರ ಪಾರ್ಕ್‌ಗೆ ಬಂದು, ಎರಡು ತಿಂಗಳು ಬಾಡಿಗೆ ಕೊಟ್ಟು, ಮೂರನೇ ತಿಂಗಳು ಗಾಡಿಯನ್ನ ಅಲ್ಲೇ ಬಿಟ್ಟು ಮಾಯ ಆದ್ರಂತೆ. ಇಂಜಿನ್ ಕೆಟ್ಟಿತ್ತು. ಅದನ್ನ ಎಳೆಸಿ, ಒಡೆಸಿ, ಕಸಕ್ಕೆ ಹಾಕಿಸೋ ಖರ್ಚು ಪಾರ್ಕ್ ತಲೆ ಮೇಲೆ ಬಿತ್ತು. ಮೋಟರ್‌ಹೋಮ್ ಅಂದ್ರೆ ಗುಜರಿಯವನು ಖುಷಿಯಿಂದ ತಗೊಂಡು ಹೋಗೋ ಕಾರಲ್ಲ. ಮರ, ಫೈಬರ್, ಫೋಮ್, ರಬ್ಬರ್ ಎಲ್ಲಾ ಅಂಟಿಸಿದ ಪೆಟ್ಟಿಗೆ. ಲೋಹ ಕಡಿಮೆ, ಕಸ ಜಾಸ್ತಿ.

ಎರಡನೇ ಕಾರಣ ಬಾಡಿಗೆ ಕಾನೂನು. ಎಷ್ಟೋ ರಾಜ್ಯಗಳಲ್ಲಿ ಒಂದು ಅವಧಿ ದಾಟಿ ಉಳಿದ್ರೆ ನೀವು ಅತಿಥಿ ಅಲ್ಲ, ಬಾಡಿಗೆದಾರ. ಕ್ಯಾಲಿಫೋರ್ನಿಯಾದಲ್ಲಿ 30 ದಿನ ದಾಟಿದ್ರೆ ಒಂದು ಹಂತದ ರಕ್ಷಣೆ, ಒಂಬತ್ತು ತಿಂಗಳು ಆದ್ರೆ ಇನ್ನೂ ಜಾಸ್ತಿ. ಆಮೇಲೆ ಎಬ್ಬಿಸಬೇಕಂದ್ರೆ ನೋಟಿಸ್, ಕೋರ್ಟ್. ಒಳಗೆ ಬಿಟ್ಟ ಮೇಲೆ ಕಳಿಸೋದು ಕಷ್ಟ ಆದ್ದರಿಂದ ಗೇಟ್‌ನಲ್ಲೇ ಸೋಸಿಬಿಡೋಣ ಅನ್ನೋ ಲೆಕ್ಕಾಚಾರ.

ಮೂರನೇದು ಸುರಕ್ಷತೆ. ಇದು ಸುಳ್ಳು ನೆಪ ಅಲ್ಲ. ಪಾರ್ಕ್‌ನಲ್ಲಿ ಗಾಡಿಗಳು ಪಕ್ಕಪಕ್ಕದಲ್ಲೇ ನಿಂತಿರುತ್ತವೆ. ಪ್ರತಿಯೊಂದರಲ್ಲೂ ಅಡುಗೆ ಗ್ಯಾಸ್ ಸಿಲಿಂಡರ್, ಬ್ಯಾಟರಿ, ಗ್ಯಾಸ್‌ನಲ್ಲೂ ನಡೆಯೋ ಫ್ರಿಜ್. ಹಳೇ ಪೈಪ್‌ನಲ್ಲಿ ಗ್ಯಾಸ್ ಸೋರಿದ್ರೆ, ಹಳೇ ವೈರ್ ಬಿಸಿಯಾದ್ರೆ ಬೆಂಕಿ ಪಕ್ಕದ ಗಾಡಿಗೂ ಹೋಗುತ್ತೆ. ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ ಇರೋದು 30 ಆಂಪ್ ಸಂಪರ್ಕ, ಅಂದ್ರೆ 120 ವೋಲ್ಟ್‌ಗೆ 3,600 ವಾಟ್. ಅದರ ಮೇಲೆ ಎಸಿ, ಹೀಟರ್, ಮೈಕ್ರೋವೇವ್ ಎಲ್ಲಾ ಒಟ್ಟಿಗೆ ಹಾಕಿದ್ರೆ ಪ್ಲಗ್ ಸುಟ್ಟು ಹೋಗೋದೂ ಉಂಟು. ಇಂಜಿನ್ ಎಣ್ಣೆ ತೊಟ್ಟಿಕ್ಕಿದ್ರೆ ಕಾಂಕ್ರೀಟ್ ನೆಲ ಕಲೆಯಾಗುತ್ತೆ, ಪೈಪ್ ಸರಿ ಇಲ್ಲದಿದ್ರೆ ಬಚ್ಚಲ ನೀರು ಪಕ್ಕದವರ ಅಂಗಳಕ್ಕೆ ಹೋಗುತ್ತೆ.

ನಾಲ್ಕನೇ ಕಾರಣ ಬಾಯಿ ಬಿಟ್ಟು ಹೇಳದೇ ಇರೋದು. ಪಾರ್ಕ್ ನೋಡೋಕೆ ಶ್ರೀಮಂತವಾಗಿ ಕಾಣ್ಬೇಕು. ಯಜಮಾನರು ಇದನ್ನೂ ಒಪ್ಪಿಕೊಂಡ್ರು. ಕೆಲವರಿಗೆ ಈ ನಿಯಮ ಒಂದು ಮರ್ಯಾದೆಯ ನೆಪ. ಎದುರು ನಿಂತಿರೋ ಮನುಷ್ಯನಿಗೆ ನಿನ್ನ ಗಾಡಿ ನಮಗೆ ಇಷ್ಟ ಆಗ್ಲಿಲ್ಲ ಅಂತ ಹೇಳೋದಕ್ಕಿಂತ, 10 ವರ್ಷ ಆಗಿದೆ, ರೂಲ್ಸು ಅನ್ನೋದು ಸುಲಭ. ಅವರೂ ತಮ್ಮ ಬೋರ್ಡ್‌ನಲ್ಲಿ 10 ವರ್ಷ ಅಂತಲೇ ಬರೆದಿದ್ದಾರೆ. ಆದ್ರೆ ಅದು ಜನ ಮೊದಲು ಫೋನ್ ಮಾಡ್ಲಿ ಅಂತ. ಫೋನ್ ಮಾಡಿದವರ ಫೋಟೋ ನೋಡಿ ತೀರ್ಮಾನ.

12 ವರ್ಷ ಹಳಸಲು, 60 ವರ್ಷ ಒಡವೆ

ಈಗ ಇದರ ತಮಾಷೆ ನೋಡಿ. ಏರ್‌ಸ್ಟ್ರೀಮ್ ಅಂತ ಒಂದು ಕಂಪನಿ, ವಾಲಿ ಬೈಯಮ್ ಅನ್ನೋರು 1931ರಲ್ಲಿ ಶುರು ಮಾಡಿದ್ದು. ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಟ್ರೇಲರ್, ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗೋದು. ಸಿನಿಮಾಗಳಲ್ಲಿ ನೋಡಿರ್ತೀರಿ. 1960ರ ದಶಕದ ಏರ್‌ಸ್ಟ್ರೀಮ್ ಒಂದನ್ನ ಚೆನ್ನಾಗಿ ತಿಕ್ಕಿ ಹೊಳಪು ಕೊಟ್ಟು ತಂದ್ರೆ ಎಷ್ಟೋ ಪಾರ್ಕ್‌ಗಳು 10 ವರ್ಷದ ನಿಯಮವನ್ನ ಪಕ್ಕಕ್ಕಿಟ್ಟು ಒಳಗೆ ಬಿಡ್ತವೆ. ಫೋಟೋ ತೆಗೆದುಕೊಳ್ಳೋಕೂ ಜನ ಬರ್ತಾರೆ. 2009ರ ನಮ್ಮ ಪಾಪದ ಗಾಡಿ ಮಾತ್ರ ಹಳೇದು. ಅಂದ್ರೆ ವಯಸ್ಸೇ ನಿಜವಾದ ಸಮಸ್ಯೆ ಅಲ್ಲ ಅಂತ ಆ ಪಾರ್ಕ್‌ಗಳೇ ಒಪ್ಪಿಕೊಂಡ ಹಾಗಾಯ್ತು.

ವಯಸ್ಸು ಲೆಕ್ಕ ಹಾಕೋದೂ ಅಷ್ಟು ಸುಲಭ ಅಲ್ಲ. ಮೋಟರ್‌ಹೋಮ್‌ನ ಕೆಳಗಿನ ಅರ್ಧ, ಅಂದ್ರೆ ಚಾಸಿ ಮತ್ತು ಇಂಜಿನ್, ಸಾಮಾನ್ಯವಾಗಿ ಫೋರ್ಡ್ ಥರದ ಕಂಪನಿ ಮಾಡುತ್ತೆ. ಮೇಲಿನ ಮನೆಯನ್ನ ಇನ್ನೊಂದು ಕಂಪನಿ ಕಟ್ಟುತ್ತೆ. ಹಾಗಾಗಿ ಚಾಸಿಗೆ ಒಂದು ವರ್ಷ, ಮನೆಗೆ ಮುಂದಿನ ವರ್ಷ ಇರೋದು ಮಾಮೂಲಿ. ಗಡಿಯಲ್ಲಿರೋ ಗಾಡಿಯಾದ್ರೆ ಒಂದು ಪೇಪರ್‌ನಲ್ಲಿ ಪಾಸ್, ಇನ್ನೊಂದರಲ್ಲಿ ಫೇಲ್.

ನಿಜವಾಗಿ ವಯಸ್ಸಿನ ಮೇಲೆ ಅವಲಂಬಿಸಿರೋ ಭಾಗಗಳೂ ಇವೆ. ಟೈರ್ ಅದರಲ್ಲಿ ಒಂದು. ಮೋಟರ್‌ಹೋಮ್ ವರ್ಷದಲ್ಲಿ ಹೆಚ್ಚು ದಿನ ನಿಂತೇ ಇರುತ್ತೆ, ಹಾಗಾಗಿ ಟೈರ್ ಸವೆಯೋ ಮುಂಚೆಯೇ ರಬ್ಬರ್ ಒಣಗಿ ಬಿರುಕು ಬಿಡುತ್ತೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಇವತ್ತೇ ನಿಮ್ಮ ಬೈಕ್ ಟೈರ್ ನೋಡಿ, ಅಲ್ಲೂ ಇರುತ್ತೆ. ಆದ್ರೆ 2009ರ ಗಾಡಿಗೆ ಹೋದ ವರ್ಷದ ಟೈರ್ ಹಾಕಿರಬಹುದು, ಚಾವಣಿಯನ್ನ ಹೊಸದಾಗಿ ಮಾಡಿಸಿರಬಹುದು. ಇನ್ನೊಂದು ಕಡೆ, ಮೂರು ವರ್ಷದ ಗಾಡಿಯ ಚಾವಣಿ ಸೋರಿ ಗೋಡೆ ಉಬ್ಬಿರಬಹುದು. ರಿಜಿಸ್ಟ್ರೇಶನ್ ಪೇಪರ್‌ನಲ್ಲಿ ಇದ್ಯಾವುದೂ ಇರಲ್ಲ.

ಇಎಂಐ ಮುಗಿಯೋ ಮುಂಚೆಯೇ ಗಾಡಿ ಮುದುಕ

ಇನ್ನೊಂದು ಲೆಕ್ಕ ಹೇಳ್ತೀನಿ. ದೊಡ್ಡ ಬಸ್ ಥರ ಇರೋ ಹೊಸ ಕ್ಲಾಸ್ ಎ ಮೋಟರ್‌ಹೋಮ್‌ಗೆ ಒಂದೂವರೆ ಲಕ್ಷ ಡಾಲರ್‌ಗಿಂತ ಜಾಸ್ತಿ ಆಗೋದು ಸಾಮಾನ್ಯ. ಕೈಯಲ್ಲಿ ಅಷ್ಟು ದುಡ್ಡು ಯಾರ ಹತ್ರ ಇರುತ್ತೆ? ಸಾಲ ತಗೋತಾರೆ. ಅಮೆರಿಕದಲ್ಲಿ ಆರ್‌ವಿ ಸಾಲದ ಅವಧಿ 15 ವರ್ಷ, ಕೆಲವೊಮ್ಮೆ 20 ವರ್ಷ. ಬ್ಯಾಂಕಿನ ಲೆಕ್ಕದಲ್ಲಿ ಗಾಡಿ 20 ವರ್ಷ ಬಾಳುತ್ತೆ. ಪಾರ್ಕ್‌ನ ಲೆಕ್ಕದಲ್ಲಿ 10 ವರ್ಷಕ್ಕೇ ಅದರ ಕಥೆ ಮುಗೀತು. ಅಂದ್ರೆ ಅರ್ಧ ಸಾಲ ಬಾಕಿ ಇರೋವಾಗಲೇ ಗೇಟ್ ಮುಚ್ಚುತ್ತೆ.

ಇದು ಇನ್ನೂ ದೊಡ್ಡದಾಗೋ ಸಮಸ್ಯೆ. ಕೊರೊನಾ ಕಾಲದಲ್ಲಿ ವಿಮಾನ, ಹೋಟೆಲ್ ಬಿಟ್ಟು ಜನ ಆರ್‌ವಿ ಕಡೆ ತಿರುಗಿದ್ರು. 2021ರಲ್ಲಿ ಕಾರ್ಖಾನೆಗಳಿಂದ 6 ಲಕ್ಷಕ್ಕೂ ಹೆಚ್ಚು ಆರ್‌ವಿ ಹೊರಬಿದ್ವು. ಅದು ದಾಖಲೆ. ಬಹುಪಾಲು ಎಳೆದೊಯ್ಯೋ ಟ್ರೇಲರ್‌ಗಳು, ಉಳಿದವು ಮೋಟರ್‌ಹೋಮ್. 2031ರಲ್ಲಿ ಅವಕ್ಕೆಲ್ಲಾ ಒಟ್ಟಿಗೆ 10 ವರ್ಷ ತುಂಬುತ್ತೆ. ಆಗ ಪಾರ್ಕ್‌ಗಳು ಏನು ಮಾಡ್ತವೆ? ನಿಯಮ ಸಡಿಲ ಮಾಡ್ತವಾ, ಅಥವಾ ಖಾಲಿ ಜಾಗ ಇಟ್ಕೊಂಡು ಕೂರ್ತವಾ? ನೋಡ್ಬೇಕು.

ಮನೆಯೇ ಗಾಡಿಯಾದವರು

ನಮಗೆ ಆ ರಾತ್ರಿ ಒಂದು ರಾತ್ರಿಯ ಕಷ್ಟ. ತಮ್ಮನ ಮನೆ ಎರಡು ಗಂಟೆ ದೂರದಲ್ಲಿತ್ತು, ಏನೂ ಆಗದಿದ್ರೆ ವಾಪಸ್ ಹೋಗ್ಬಹುದಿತ್ತು. ಆದ್ರೆ ವಾಪಸ್ ಹೋಗೋಕೆ ಬೇರೆ ಮನೆಯೇ ಇಲ್ಲದವರ ಕಥೆ ಏನು?

ಆ ಪ್ರವಾಸದ ಕೊನೆಗೆ ನಾವು ಕ್ವಾರ್ಟ್‌ಸೈಟ್‌ಗೆ ಹೋದ್ವಿ. ಆರಿಜೋನಾದ ಪಶ್ಚಿಮದಲ್ಲಿ ಒಂದು ಪುಟ್ಟ ಊರು. ಚಳಿಗಾಲದಲ್ಲಿ ಅದರ ಸುತ್ತ ಮರುಭೂಮಿ ತುಂಬಾ ಗಾಡಿಗಳು, ನಮ್ಮ ಕಡೆ ಜಾತ್ರೆಗೆ ಬಂದ ಎತ್ತಿನಗಾಡಿಗಳ ಹಾಗೆ. ಅದು ಫೆಡರಲ್ ಸರ್ಕಾರದ ಭೂಮಿ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಅನ್ನೋ ಇಲಾಖೆ ನೋಡಿಕೊಳ್ಳುತ್ತೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಅಂದ್ರೆ ಏಳು ತಿಂಗಳಿಗೆ, ನಾವು ಹೋದಾಗ ಪಾಸ್‌ಗೆ 180 ಡಾಲರ್. ಗಾಡಿಯ ವಯಸ್ಸು ಕೇಳಲ್ಲ. ಆದ್ರೆ ಗಾಡಿ ಪಕ್ಕ ಪ್ಲಗ್ ಇಲ್ಲ, ನಲ್ಲಿ ಇಲ್ಲ.

ಅಲ್ಲಿ ಒಬ್ಬ ಅಜ್ಜಿ ಪರಿಚಯ ಆದ್ರು. ವಯಸ್ಸು 68, ಶಾಲಾ ಬಸ್ ಓಡಿಸಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಮನೆ ಬಾಡಿಗೆ ಕಟ್ಟೋಕಾಗದೆ 1996ರ ಮೋಟರ್‌ಹೋಮ್ ಕೊಂಡು ಅದರಲ್ಲೇ ಇದ್ದಾರೆ. ಒಳಗೆ ಹೋಗಿ ನೋಡಿದೆ. ನನ್ನ ಬೆಂಗಳೂರಿನ ರೂಮಿಗಿಂತ ಚೊಕ್ಕಟ. ಆರಿಜೋನಾದಲ್ಲಿ 55 ವರ್ಷ ದಾಟಿದವರಿಗೆ ಮಾತ್ರ ಅಂತ ಎಷ್ಟೋ ಪಾರ್ಕ್‌ಗಳಿವೆ, ಅಮೆರಿಕದ ಕಾನೂನು ಅದಕ್ಕೆ ಅವಕಾಶ ಕೊಡುತ್ತೆ. ಅವರು ಅಂಥ ಪಾರ್ಕ್‌ಗಳಿಗೆ ಫೋನ್ ಮಾಡಿದ್ರು. ಎಲ್ಲಾ ಕಡೆ ಅವರ ವಯಸ್ಸು ಓಕೆ, ಗಾಡಿಯ ವಯಸ್ಸು ಓಕೆ ಅಲ್ಲ. ಇದನ್ನ ಅವರು ನಗುತ್ತಲೇ ಹೇಳಿದ್ರು. ನನಗೆ ನಗು ಬರಲಿಲ್ಲ.

ಏಪ್ರಿಲ್ ಆದ ಮೇಲೆ ಅಲ್ಲಿ ಬಿಸಿಲು ಏರಿ 43 ಡಿಗ್ರಿ ದಾಟುತ್ತೆ. ಎಸಿ ಇಲ್ಲದೆ ಗಾಡಿಯೊಳಗೆ ಇರೋಕಾಗಲ್ಲ, ಪ್ಲಗ್ ಇಲ್ಲದೆ ಎಸಿ ಓಡಲ್ಲ. ಆಗ ಗುಡ್ಡದ ಕಡೆ, ನ್ಯಾಷನಲ್ ಫಾರೆಸ್ಟ್‌ಗೆ ಹೋಗ್ತಾರೆ. ಅಲ್ಲಿ ಒಂದೇ ಕಡೆ ಸಾಮಾನ್ಯವಾಗಿ 14 ದಿನದ ಮಿತಿ. ಮುಗಿದ ಮೇಲೆ ಮತ್ತೆ ಗಾಡಿ ಸ್ಟಾರ್ಟ್. ಊರೊಳಗೆ ರಸ್ತೆ ಬದಿ ನಿಲ್ಲಿಸಿ ಮಲಗೋದು ಎಷ್ಟೋ ನಗರಗಳಲ್ಲಿ ನಿಷೇಧ. ಸಾರ್ವಜನಿಕ ಜಾಗದಲ್ಲಿ ಬಿಡಾರ ಹೂಡೋದನ್ನ ತಡೆಯೋ ನಗರಗಳ ನಿಯಮಗಳು ಸಂವಿಧಾನ ನಿಷೇಧಿಸಿರೋ ಕ್ರೂರ ಶಿಕ್ಷೆ ಆಗಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ 6-3 ಬಹುಮತದಿಂದ ಹೇಳಿತು. ಆರೆಗನ್ ರಾಜ್ಯದ ಗ್ರಾಂಟ್ಸ್ ಪಾಸ್ ಅನ್ನೋ ಊರಿನ ಕೇಸ್ ಅದು. ಹೀಗೆ ಒಂದು ಕಡೆ ಖಾಸಗಿ ಗೇಟ್, ಇನ್ನೊಂದು ಕಡೆ ನಗರದ ದಂಡ. ನಡುವೆ ಉಳಿದಿರೋದು ಮರುಭೂಮಿ, ಕಾಡು ಮತ್ತು 14 ದಿನದ ಕ್ಯಾಲೆಂಡರ್. 2021ರಲ್ಲಿ ಆಸ್ಕರ್ ಗೆದ್ದ ನೋಮ್ಯಾಡ್‌ಲ್ಯಾಂಡ್ ಸಿನಿಮಾ ನೋಡಿದ್ರೆ ಈ ಬದುಕು ನಿಮಗೆ ಸ್ವಲ್ಪ ಗೊತ್ತಿರುತ್ತೆ.

ವಯಸ್ಸಾ, ಪರೀಕ್ಷೆಯಾ?

ಹಾಗಾದ್ರೆ ಪಾರ್ಕ್‌ನವರು ಏನು ಮಾಡ್ಬೇಕು? ನನ್ನ ಪ್ರಕಾರ ಮೂಲ ಕೊರತೆ ಇಲ್ಲಿದೆ: ಈ ಗಾಡಿಯ ಗ್ಯಾಸ್, ವೈರ್, ಚಾವಣಿ ಸರಿ ಇದೆ ಅಂತ ಹೇಳೋ, ದೇಶಕ್ಕೆಲ್ಲಾ ಒಂದೇ ಆದ ಪರೀಕ್ಷೆ ಅಮೆರಿಕದಲ್ಲಿ ಇಲ್ಲ. ಎಷ್ಟೋ ರಾಜ್ಯಗಳಲ್ಲಿ ಖಾಸಗಿ ವಾಹನಕ್ಕೆ ವಾರ್ಷಿಕ ಸುರಕ್ಷತಾ ತಪಾಸಣೆಯೇ ಇಲ್ಲ. ಜರ್ಮನಿಯಲ್ಲಿ ಕ್ಯಾಂಪರ್ ಗಾಡಿಗಳ ಗ್ಯಾಸ್ ಜೋಡಣೆಯನ್ನ ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡ್ತಾರೆ. ನಮ್ಮಲ್ಲೂ ಖಾಸಗಿ ವಾಹನಕ್ಕೆ 15 ವರ್ಷ ಆದ ಮೇಲೆ ಆರ್‌ಟಿಒಗೆ ತೋರಿಸಿ ನೋಂದಣಿ ನವೀಕರಿಸಬೇಕು, ಅದು ಐದು ವರ್ಷಕ್ಕೆ. ಆರ್‌ಟಿಒ ಬಾಗಿಲಲ್ಲಿ ಎಷ್ಟು ಅಲೆದಾಟ ಅನ್ನೋದು ಬೇರೆ ಎಪಿಸೋಡ್. ಆದ್ರೆ ತತ್ವ ಸರಿ: ಗಾಡಿ ತಗೊಂಡು ಬಾ, ನೋಡ್ತೀವಿ. ಇದೇ ಜಗಳ ನಮ್ಮ ದೇಶದಲ್ಲೂ ಇದೆ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧದ ಬಗ್ಗೆ ವರ್ಷಗಳಿಂದ ನಡೀತಿರೋ ವಾದವೂ ಇದೇ. ಅಳೀಬೇಕಾಗಿರೋದು ವಯಸ್ಸನ್ನೋ, ಹೊಗೆಯನ್ನೋ?

ಪರೀಕ್ಷೆ ಮಾಡೋಕೆ ಸಮಯ ಬೇಕು, ಕಣ್ಣು ಬೇಕು. ವರ್ಷ ಕೇಳೋಕೆ ಏನೂ ಬೇಡ. ಅದಕ್ಕೇ ವಯಸ್ಸಿನ ನಿಯಮ ಇಷ್ಟು ಜನಪ್ರಿಯ. ಆ ಸುಲಭದ ಬೆಲೆಯನ್ನ ಕೊಡೋದು ಮಾತ್ರ ಬೇರೆಯವರು.

ನಿಮ್ಮಲ್ಲಿ ಯಾರಾದ್ರೂ ಓದೋಕೆ, ಕೆಲಸಕ್ಕೆ ಅಂತ ಅಮೆರಿಕಕ್ಕೆ ಹೋಗಿ, ಗೆಳೆಯರ ಜೊತೆ ಮೋಟರ್‌ಹೋಮ್ ಟ್ರಿಪ್ ಮಾಡೋ ಆಲೋಚನೆ ಇದ್ರೆ ನಮ್ಮ ತಪ್ಪು ಮಾಡಬೇಡಿ. ಬಾಡಿಗೆ ಆಪ್‌ನಲ್ಲಿ ರೇಟ್ ನೋಡೋ ಮುಂಚೆ ಮಾಡೆಲ್ ವರ್ಷ ನೋಡಿ. ಪಾರ್ಕ್ ಬುಕ್ ಮಾಡೋ ಮುಂಚೆ ಅದರ ನಿಯಮಗಳ ಪುಟವನ್ನ ಕೊನೆವರೆಗೂ ಓದಿ. ನಮ್ಮ ಕೇಸಲ್ಲಿ ಆ ಸಾಲು ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿತ್ತು. ಹಳೇ ಗಾಡಿಯಾದ್ರೆ ಫೋನ್ ಮಾಡಿ, ವರ್ಷ ನಿಜ ಹೇಳಿ, ಹಗಲು ಬೆಳಕಲ್ಲಿ ತೆಗೆದ ನಾಲ್ಕು ಫೋಟೋ ರೆಡಿ ಇಟ್ಕೊಳ್ಳಿ. ಒಪ್ಪಿದ್ರೆ ಅದನ್ನ ಮೆಸೇಜಲ್ಲಿ ಬರೆಸಿಕೊಳ್ಳಿ. ಸುಳ್ಳು ವರ್ಷ ಹೇಳಿ ಗೇಟ್‌ವರೆಗೆ ಹೋಗೋದು ಬೇಡ, ಪೇಪರ್ ಕೇಳೇ ಕೇಳ್ತಾರೆ. ಯಾರಿಗಾದ್ರೂ ರಾತ್ರಿ ಮಷಿನ್‌ಗೆ ಕರೆಂಟ್ ಬೇಕಿದ್ರೆ ಒಂದು ಪ್ರತ್ಯೇಕ ಬ್ಯಾಟರಿ ಪ್ಯಾಕ್ ಜೊತೆಗಿರಲಿ.

ಆ ರಾತ್ರಿ ಪ್ಲಗ್ ಹಾಕಿದ ಮೇಲೆ ಮಷಿನ್‌ನ ಹಸಿರು ದೀಪ ಹತ್ತಿಕೊಳ್ತು. ಚಿಕ್ಕಮ್ಮ ಮಾಸ್ಕ್ ಹಾಕಿಕೊಳ್ಳೋ ಮುಂಚೆ ಒಂದು ಮಾತು ಹೇಳಿದ್ರು: ನನ್ನ ಆಧಾರ್ ಕಾರ್ಡ್ ಮಾತ್ರ ಆ ಮೊದಲ್ನೇ ಹೆಂಗಸಿಗೆ ತೋರಿಸಬೇಡ್ರೋ, ನನ್ನನ್ನೂ ಹೊರಗೇ ನಿಲ್ಲಿಸ್ತಾಳೆ.

ಮುಂದಿನ ವಾರ ಸಿಗೋಣ. ಅಲ್ಲಿವರೆಗೆ ನಿಮ್ಮ ಬೈಕ್ ಟೈರ್‌ನ ಆ ನಾಲ್ಕು ಅಂಕಿ ನೋಡೋದು ಮರೀಬೇಡಿ. ನಮಸ್ಕಾರ.